ಕೇಸ್ ನಡೀತಾ ಇದೆ, ಮಕ್ಕಳ ಫೀಸು ಯಾರು ಕಟ್ಟೋದು?

"ಕೇಸ್ ಮುಗೀಲಿ, ಪಾಲು ಆದ್ಮೇಲೆ ಮಕ್ಕಳಿಗೆ ಸೇರಬೇಕಾದ್ದು ಸೇರುತ್ತೆ." ತೀರಿಹೋದ ತಮ್ಮನ ಮಕ್ಕಳ ವಿಚಾರದಲ್ಲಿ ನಮ್ಮ ಅಣ್ಣ ಈ ಮಾತನ್ನು ಊರಿನ ಹಿರಿಯರ ಮುಂದೆಯೂ ಹೇಳಿದ. ಆಮೇಲೆ ಕೋರ್ಟಿನಲ್ಲಿ ಅವನ ವಕೀಲರೂ ಅದನ್ನೇ ಹೇಳಿದರು. ಕೇಳುವುದಕ್ಕೆ ನ್ಯಾಯದ ಮಾತಿನ ಹಾಗೇ ಇದೆ. ಆದರೆ ಪಾಲಿನ ದಾವೆ ಹತ್ತು ವರ್ಷ ಎಳೆಯುವುದು ನಮ್ಮ ಕಡೆ ಹೊಸದೇನಲ್ಲ. ಏಳನೇ ಕ್ಲಾಸಿನ ಹುಡುಗಿಗೆ ಹತ್ತು ವರ್ಷ ಅಂದರೆ ಓದೆಲ್ಲಾ ಮುಗಿದುಹೋಗುವಷ್ಟು ಕಾಲ.

ನನ್ನ ತಮ್ಮ 2022ರಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋದ. ಮಗಳು ಆಗ ಏಳನೇ ಕ್ಲಾಸು, ಮಗ ಅಂಗನವಾಡಿ. ತಿಪಟೂರು ತಾಲ್ಲೂಕಿನಲ್ಲಿ ತಾತನ ಕಾಲದ ತೆಂಗಿನ ತೋಟ ನಮ್ಮದು. ಅಪ್ಪ ತೀರಿಕೊಂಡ ಮೇಲೆ ಹಿರಿಯ ಮಗ ಅಂತ ಪಹಣಿಯಲ್ಲಿ ಅಣ್ಣನ ಹೆಸರು ಬಂತು. ತಮ್ಮ ಇರುವವರೆಗೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಕೊಬ್ಬರಿ ಮಾರಿದ ದುಡ್ಡನ್ನು ಇಬ್ಬರೂ ಕೂತು ಹಂಚಿಕೊಳ್ಳುತ್ತಿದ್ದರು.

ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇರಬೇಕು. ತಮ್ಮ ನಿಂತು ಕೀಳಿಸಿದ ಕಾಯಿ ಕೊಬ್ಬರಿಯಾಗಿ ಮಂಡಿಗೆ ಹೋಗಿದ್ದು ಅವನು ಸತ್ತ ಮೇಲೆ. ಆ ದುಡ್ಡಿನಲ್ಲೂ ಅವನ ಮಕ್ಕಳಿಗೆ ಏನೂ ಸಿಗಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. "ಅವನು ಮಾಡಿಟ್ಟ ಕೈಸಾಲ ತೀರಿಸ್ತಾ ಇದೀನಿ" ಅಂದ ಅಣ್ಣ. ತಮ್ಮನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅರಸೀಕೆರೆಯ ತವರಿಗೆ ಹೋದಳು. ಬ್ಲೌಸ್ ಹೊಲಿದು ಮನೆ ನಡೆಸುತ್ತಿದ್ದಾಳೆ. 2023ರಲ್ಲಿ ಪಾಲು ಕೇಳಿ ದಾವೆ ಹಾಕಿದಳು.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು. ಹಾಗಾಗಿ ಅಣ್ಣನ ಜೊತೆ ನನ್ನನ್ನೂ ಪ್ರತಿವಾದಿ ಮಾಡಲೇಬೇಕಿತ್ತು. ನೋಟಿಸ್ ಬಂದ ದಿನವೇ ಅಣ್ಣ ಫೋನ್ ಮಾಡಿದ. "ನೀನು ಈ ಮನೆ ಮಗಳು, ನಮ್ಮ ಕಡೆ ನಿಲ್ಲು" ಅಂದ. ಆ ಮಕ್ಕಳು ಯಾರ ಮನೆಯವರು ಅಣ್ಣಾ ಅಂತ ಕೇಳಿದೆ. ಫೋನ್ ಇಟ್ಟ.

ಊರಲ್ಲಿ ಯಾರೋ "125ನೇ ಸೆಕ್ಷನ್ನಲ್ಲಿ ಜೀವನಾಂಶ ಹಾಕಿ" ಅಂದಿದ್ದರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಆ ಸೆಕ್ಷನ್ ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ. ಮಕ್ಕಳು ಅದರಲ್ಲಿ ಕೇಳಬಹುದಾದದ್ದು ಬದುಕಿರುವ ಅಪ್ಪ ಅಮ್ಮನನ್ನು. ದೊಡ್ಡಪ್ಪನನ್ನು ಅದರಡಿ ಕೇಳುವ ಹಾಗಿಲ್ಲ. ದಾರಿ ಇರುವುದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ. ಸತ್ತವರ ಆಸ್ತಿ ಯಾರ ಕೈಗೆ ಹೋಗಿದೆಯೋ ಅವರು ಆ ಆಸ್ತಿಯಿಂದಲೇ ಅವಲಂಬಿತರನ್ನು ಸಾಕಬೇಕು ಅಂತ 22ನೇ ಕಲಂ ಹೇಳುತ್ತದೆ. ಯಾರು ಅವಲಂಬಿತರು ಅನ್ನುವುದು 21ರಲ್ಲಿದೆ: ಹೆಂಡತಿ ಮರುಮದುವೆ ಆಗುವವರೆಗೆ, ಮಗ ಮೈನರ್ ಇರುವವರೆಗೆ, ಮಗಳು ಮದುವೆ ಆಗುವವರೆಗೆ, ಹೀಗೆ. ಇನ್ನು ಒಟ್ಟು ಕುಟುಂಬದ ಆದಾಯ ಯಾರ ಕೈಯಲ್ಲಿದೆಯೋ ಅವರು ಮನೆಯ ಮಕ್ಕಳನ್ನು ಸಾಕಬೇಕು ಅನ್ನುವುದು ಕಾಯ್ದೆ ಬರುವ ಮೊದಲಿನಿಂದಲೂ ಇರುವ ನಿಯಮ.

ಅಣ್ಣನ ವಕೀಲರು ಚೆನ್ನಾಗಿಯೇ ವಾದ ಮಾಡಿದರು. ಮಕ್ಕಳು ಪಾಲುದಾರರು ತಾನೇ, ಪಾಲುದಾರರಿಗೆ ಜೀವನಾಂಶ ಯಾಕೆ, ಪಾಲು ಬರುವವರೆಗೆ ಕಾಯಲಿ ಅಂದರು. ತಮ್ಮನ ಹೆಂಡತಿಯ ಪರ ಇದ್ದ ಲಾಯರಮ್ಮ ಎದ್ದು ನಿಂತು, "ಪಾಲು ಇನ್ನೂ ಕೈಗೆ ಬಂದಿಲ್ಲ ಸ್ವಾಮಿ, ಫಸಲು ಮಾತ್ರ ಪ್ರತಿ ವರ್ಷ ಒಬ್ಬರ ಕೈಗೇ ಹೋಗುತ್ತಿದೆ" ಅಂದರು. ಕೇಸ್ ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೊಡಿಸಿ ಅಂತ ಅದೇ ದಾವೆಯಲ್ಲಿ ಅರ್ಜಿ ಹಾಕಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಮಿನಲ್ಲಿ ಕೋರ್ಟಿಗೆ ಆ ಅಧಿಕಾರ ಇದೆ. ಈಗ ಕೊಟ್ಟಿದ್ದನ್ನು ಕೊನೆಗೆ ಪಾಲಿನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಹಾಗಿದ್ದಮೇಲೆ ಅಣ್ಣನಿಗೆ ನಷ್ಟ ಎಲ್ಲಿಂದ ಬಂತು?

ಕೈಸಾಲದ ಮಾತೂ ಬಂತು. ಸತ್ತವರ ಸಾಲ ಮೊದಲು, ಜೀವನಾಂಶ ಆಮೇಲೆ ಅನ್ನುವುದು ಕಾನೂನಿನಲ್ಲೂ ಇದೆ, ಅದೇ 1956ರ ಕಾಯ್ದೆಯ 26ನೇ ಕಲಂ. ಆದರೆ ಸಾಲ ಇದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಪ್ರೋನೋಟೋ ಪಾಸ್‌ಬುಕ್ಕೋ ತೋರಿಸಬೇಕು. ಅಣ್ಣ ಒಂದು ಚೀಟಿಯನ್ನೂ ತೋರಿಸಲಿಲ್ಲ.

ನಿಜವಾಗಿ ಕಷ್ಟ ಆಗಿದ್ದು ತೋಟದ ಆದಾಯ ತೋರಿಸುವುದು. "ನುಸಿ ಬಿದ್ದಿದೆ, ಫಸಲೇ ಇಲ್ಲ" ಅಂತ ಅಣ್ಣ ಬರೆದುಕೊಟ್ಟಿದ್ದ. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಆ ಬೆಲೆಗೆ ಸರ್ಕಾರದ ಪರವಾಗಿ ಖರೀದಿ ಮಾಡುವ ನಫೆಡ್‌ಗೆ ಕೊಟ್ಟವರ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಅಣ್ಣನ ಬ್ಯಾಂಕ್ ವಿವರ ತರಿಸಿ ಅಂತ ಲಾಯರಮ್ಮ ಕೇಳಿದರು. ಅದರ ಜೊತೆಗೆ ನಾನು ಅಫಿಡವಿಟ್ ಕೊಟ್ಟೆ. ತೋಟದಲ್ಲಿ ಎಷ್ಟು ಮರ ಇವೆ, ವರ್ಷಕ್ಕೆ ಎಷ್ಟು ಕಾಯಿ ಬರುತ್ತದೆ, ಅಟ್ಟ ಎಷ್ಟು ತುಂಬುತ್ತದೆ ಎಲ್ಲಾ ಬರೆದೆ. ಆ ತೋಟದಲ್ಲೇ ಬೆಳೆದವಳು ನಾನು, ನನಗೆ ಗೊತ್ತಿಲ್ವಾ?

2024ರ ಕೊನೆಯಲ್ಲಿ ಆದೇಶ ಬಂತು. ಇಬ್ಬರು ಮಕ್ಕಳಿಗೂ ಸೇರಿ ತಿಂಗಳಿಗೆ 8,000 ರೂಪಾಯಿ. ಅದು ಜಾಸ್ತಿ ಅಂತ ನನಗೆ ಅನಿಸಲಿಲ್ಲ. ಆದರೂ ಬಾಕಿ ಇದ್ದ ಸ್ಕೂಲ್ ಫೀಸು ಕಟ್ಟಲು ಆಯಿತು.

ಇದರ ಮಧ್ಯೆ ಒಂದು ರಾಜಿಯ ಮಾತು ಬಂದಿತ್ತು. ಒಂದಿಷ್ಟು ದುಡ್ಡು ತೆಗೆದುಕೊಂಡು ಮಕ್ಕಳ ಪರವಾಗಿ ತಾಯಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ ಅಂತ. ಸುಸ್ತಾಗಿದ್ದಳು, ಪಾಪ. "ಹಾಕಿಬಿಡ್ಲಾ ಅಕ್ಕ?" ಅಂತ ಕೇಳಿದಳು. ದಾವೆ ನಡೆಯುವಾಗ ಮೈನರ್ ಪರವಾಗಿ ರಾಜಿ ಮಾಡಿಕೊಳ್ಳಬೇಕಾದರೆ ಕೋರ್ಟಿನ ಅನುಮತಿ ಬೇಕೇ ಬೇಕು, ರಾಜಿ ಮಕ್ಕಳಿಗೆ ಒಳ್ಳೆಯದಾ ಅಂತ ನ್ಯಾಯಾಧೀಶರು ನೋಡಬೇಕು. ಲಾಯರಮ್ಮ ಇದನ್ನು ಬಿಡಿಸಿ ಹೇಳಿದ ಮೇಲೆ ಅವಳಿಗೆ ಧೈರ್ಯ ಬಂತು.

ಈ ಲಾಯರಮ್ಮ ಸಿಕ್ಕಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡಬೇಕು. ಇಂಥ ಕಷ್ಟದಲ್ಲಿರುವ ತಾಯಂದಿರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮೊದಲು ಅಲ್ಲಿಗೆ ಹೋಗಿ. ಪಾಲಿನ ದಾವೆ ಹಾಕುವ ದಿನವೇ ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಹಾಕಿಸಿ.

2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿತು. ಮಕ್ಕಳಿಗೆ ಬರುವುದು ಮಾತ್ರ ಅದೇ 8,000. ಹುಡುಗಿ ಎಸ್ಸೆಸ್ಸೆಲ್ಸಿಗೆ ಬಂದಳು, ಮುಂದೆ ತುಮಕೂರಿನಲ್ಲಿ ಪಿಯುಸಿ ಸೈನ್ಸ್ ಓದಬೇಕು ಅಂತಾಳೆ. ಹಾಸ್ಟೆಲ್ ಖರ್ಚೇ ಬೇರೆ ಇದೆ. ಪರಿಸ್ಥಿತಿ ಬದಲಾದರೆ ಮೊತ್ತವನ್ನೂ ಬದಲಾಯಿಸಬಹುದು ಅಂತ 1956ರ ಆ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಆ ಅರ್ಜಿ ಹಾಕಿದ್ದೇವೆ. ಅಣ್ಣ ತಕರಾರು ಸಲ್ಲಿಸಲು ಟೈಮ್ ತೆಗೆದುಕೊಂಡಿದ್ದಾನೆ.