ದರಿಯಾ ದೌಲತ್‌ನಲ್ಲಿ 38 ಜನ, ಒಂದು ಜಿಪ್ಪು

ನಮ್ಮಂಥ ಗೈಡ್‌ಗಳಿಗೆ ಕೊಡೋ ಹಾಫ್ ಡೇ ಟೂರ್ ಶೀಟಲ್ಲಿ ‘ದರಿಯಾ ದೌಲತ್ 30 ನಿಮಿಷ’ ಅಂತ ಬರೆಯೋರು ಶ್ರೀರಂಗಪಟ್ಟಣದ ಈ ಟಿಪ್ಪು ಅರಮನೆಯ ಜಗಲಿ ನೋಡಿದವರಂತೂ ಅಲ್ಲ. ಹೋದ ಸೀಸನ್ನಲ್ಲಿ 38 ಪ್ಯಾಕ್ಸ್ (ಅಂದರೆ ಪ್ರವಾಸಿಗರು), ಒಂದೇ ಕೋಚು, ರಂಗನತಿಟ್ಟು ದೋಣಿಗೆ ಆಗಲೇ ಲೇಟು. ಬ್ಯಾಚ್ ಮಾಡದೆ ಅಷ್ಟೂ ಜನರನ್ನ ಯುದ್ಧದ ಚಿತ್ರವಿರೋ ಪಡುವಣ ಗೋಡೆ ಮುಂದೆ ತಂದು ನಿಲ್ಲಿಸಿದೆ. ಈ ತಪ್ಪು ಮಾತ್ರ ಆಫೀಸಿನದಲ್ಲ, ನಂದೇ.

ಹೊರಗೆ ಸುಡು ಬಿಸಿಲು. ಒಳಗೆ, ಚಿತ್ರಕ್ಕೆ ಬಿಸಿಲು ತಾಗದ ಹಾಗೆ ಇಳಿಬಿಟ್ಟ ಹಸಿರು ಪರದೆ. ಕಣ್ಣು ಹೊಂದಿಕೊಳ್ಳೋಕೆ ಎರಡು ಮೂರು ನಿಮಿಷವಾದರೂ ಬೇಕು. ಅಷ್ಟೂ ಕಾಯದೆ, ಹೈದರ್, ಟಿಪ್ಪು ಇಂಗ್ಲಿಷರನ್ನ ಸೋಲಿಸಿದ ಪೊಳ್ಳಿಲೂರು ಯುದ್ಧದ ಕಥೆ ಶುರು ಹಚ್ಕೊಂಡೆ. ಕಾಣದ ಹಿಂದಿನವರು ಮುಂದಕ್ಕೆ ನುಗ್ಗಿದರು. ಕರಕರ ಅಂತ ಸದ್ದು: ಬ್ಯಾಕ್‌ಪ್ಯಾಕಿನ ಜಿಪ್ಪು ಬಣ್ಣದ ತೇಗದ ಕಂಬಕ್ಕೆ ಉಜ್ಜಿತ್ತು.

ಸೀಟಿ ಬಿತ್ತು. ಕಾವಲಿನವರು ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಕಂಬದ ಹತ್ತಿರ ಬಗ್ಗಿ, ಮುಟ್ಟದೆ, ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡಿದರು. ನೇರ ಬೆಳಕಲ್ಲಿ ಸಣ್ಣ ಗೀರು ಕಾಣಲ್ಲ, ಓರೆ ಹಿಡಿದರೆ ಅಂಚಿಗೆ ನೆರಳು ಬೀಳುತ್ತೆ. ಒಂದು ಗೀರು ಇತ್ತು. ಅದರ ತಳದಲ್ಲಿ ಧೂಳು ಕೂತಿತ್ತು, ಅಂದರೆ ಹಳೇದು. ಹೊಸದಾಗಿದ್ದರೆ ಮರ ಹಸಿಯಾಗಿ ಹೊಳೀತಿತ್ತು. ಇಷ್ಟು ಗೊತ್ತಾಗೋ ತನಕ ನನ್ನ ಬಾಯಿ ಒಣಗಿಹೋಗಿತ್ತು. “ಏನ್ ಸಾ, ದಿನಾ ಬರೋ ನೀವೇ ಹಿಂಗ್ ಮಾಡುದ್ರೆ?” ಅಂದರು. ಉತ್ತರ ಇರಲಿಲ್ಲ.

ಈಗ ಮೊದಲು ಕೋಟೆಯೊಳಗಿನ ‘ಕರ್ನಲ್ ಬೇಲಿ’ ಸೆರೆಮನೆಗೆ ಹೋಗ್ತೀನಿ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಲ್ಲಿ ಸೋತು ಸಿಕ್ಕಿಬಿದ್ದ ಇಂಗ್ಲಿಷರ ಕರ್ನಲ್ ಬೇಲಿ 1782ರಲ್ಲಿ ಪಟ್ಟಣದ ಸೆರೆಯಲ್ಲೇ ಸತ್ತ. ಅದನ್ನ ಕೇಳಿ ಬಂದವರಿಗೆ ಗೋಡೆ ಮುಂದೆ ಭಾಷಣ ಬೇಕಾಗಲ್ಲ. ಉಳಿದ ಕಥೆಯೆಲ್ಲ ತೋಟದಲ್ಲಿ, ಮರದ ನೆರಳಲ್ಲಿ, ಎಂಟು ನಿಮಿಷ. ಬ್ಯಾಗು ಕೋಚಲ್ಲಿ ಬಿಡಬೇಕು, ಬಿಡದವರು ಎದೆಗೆ ಹಾಕ್ಕೋಬೇಕು. ಒಂದು ಬ್ಯಾಚಿಗೆ 12, ಹೆಚ್ಚೆಂದರೆ 13.

ಗೋಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಹೈದರ್, ಟಿಪ್ಪು ಮೆರವಣಿಗೆ, ಬಲಕ್ಕೆ ಪೊಳ್ಳಿಲೂರು. ಮೊದಲು ಕೆಂಪಂಗಿಯ ಇಂಗ್ಲಿಷ್ ಸಿಪಾಯಿಗಳ ಚೌಕ ವ್ಯೂಹ ತೋರಿಸಿ. ಆಮೇಲೆ ಸಿಡಿಯುತ್ತಿರೋ ಮದ್ದಿನ ಗಾಡಿ. ವ್ಯೂಹ ಒಡೆದದ್ದು ಅದರಿಂದ. ಕೊನೆಗೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿ ಕೂತಿರೋ ಬೇಲಿ. ಅವನನ್ನ ಮೊದಲೇ ತೋರಿಸಿದರೆ ಮಿಕ್ಕಿದ್ದನ್ನ ಯಾರೂ ನೋಡಲ್ಲ. ಲೇಸರ್ ಪಾಯಿಂಟರ್ ಬೇಡವೇ ಬೇಡ, ಅದು ಕಂಡರೆ ಜನ ಮೊಬೈಲ್ ಫ್ಲಾಶ್ ತೆಗೀತಾರೆ.

“ಒರಿಜಿನಲ್ಲಾ?” ಅಂತ ಒಬ್ಬರಾದರೂ ಕೇಳ್ತಾರೆ. ಮುಚ್ಚುಮರೆ ಮಾಡಬೇಡಿ. ಮನೆ 1784ರದು. ಚಿತ್ರಗಳು 1799ರ ಮುತ್ತಿಗೆಗೆ ಮೊದಲೇ ಹಾಳಾಗಿದ್ದವು. ಪಟ್ಟಣ ಬಿದ್ದ ಮೇಲೆ ಇಲ್ಲಿ ವಾಸವಿದ್ದ ಇಂಗ್ಲಿಷರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸರಿಮಾಡಿಸಿದ, ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಅಪ್ಪಣೆಯಂತೆ ಇನ್ನೊಮ್ಮೆ ಬಣ್ಣ ಕಂಡವು. ಇದನ್ನ ಹೇಳಿದರೆ ಜನಕ್ಕೆ ಬೇಜಾರಾಗಲ್ಲ, ಇನ್ನೂ ಹತ್ತಿರದಿಂದ ನೋಡ್ತಾರೆ. ಅದೇ ಕಷ್ಟ.

ಬ್ಯಾಚಿಗೆ 15 ನಿಮಿಷದಂತೆ ಮೂರು ಬ್ಯಾಚಿಗೆ ಮುಕ್ಕಾಲು ಗಂಟೆ, ತೋಟದ ಕಥೆ ಬೇರೆ. ಲೆಕ್ಕ ಬರೆದು ಆಫೀಸಿಗೆ ಕೊಟ್ಟೆ. ಹೊಸ ಶೀಟ್ ಬಂತು: 35 ನಿಮಿಷ.