ಸೋಫಾದ ಬಣ್ಣ ಆರಿಸುವ ಮುನ್ನ ಕೋಣೆಯ ಬೆಳಕನ್ನು ನೋಡಿ

ಹಜಾರಕ್ಕೆ ಸೋಫಾ ಕೊಳ್ಳುವವರು ಸಾಮಾನ್ಯವಾಗಿ ಗೋಡೆಯ ಬಣ್ಣವನ್ನು ನೆನಪಿಟ್ಟುಕೊಂಡು ಅಂಗಡಿಗೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮೊದಲು ಗಮನಿಸಬೇಕಾದದ್ದು ಕೋಣೆಯ ಬೆಳಕು. ಅಂಗಡಿಯ ಬಿಳಿ ದೀಪಗಳ ಕೆಳಗೆ ಒಂದೇ ಎನ್ನಿಸಿದ ಎರಡು ಬೂದು ಬಟ್ಟೆಗಳಲ್ಲಿ ಒಂದು, ಮನೆಯ 2700 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ತುಸು ಹಸಿರಾಗಿಯೂ ಇನ್ನೊಂದು ನಸುನೇರಳೆಯಾಗಿಯೂ ಕಾಣಬಹುದು. ವರ್ಣವಿಜ್ಞಾನದಲ್ಲಿ ಇದಕ್ಕೆ ಮೆಟಮೆರಿಸಂ ಎಂಬ ಹೆಸರಿದೆ.

ಆದ್ದರಿಂದ ಬಟ್ಟೆಯ ಮಾದರಿಯನ್ನು, ಸಾಧ್ಯವಾದಷ್ಟು ದೊಡ್ಡ ತುಂಡನ್ನೇ, ಮನೆಗೆ ತಂದು ಸೋಫಾ ಬರುವ ಜಾಗದಲ್ಲೇ ಇಟ್ಟು, ಬೆಳಿಗ್ಗೆ, ಇಳಿಹೊತ್ತಿನಲ್ಲಿ ಮತ್ತು ದೀಪ ಹಾಕಿದ ಮೇಲೆ ನೋಡಬೇಕು. ನೆಲದ ಮೇಲೆ ಹಾಸಿದಾಗ ತಿಳಿಯಾಗಿ ಕಂಡ ಬಟ್ಟೆ ಒರಗಿನಂತೆ ನೆಟ್ಟಗೆ ಹಿಡಿದಾಗ ಗಾಢವಾಗಿ ತೋರುವುದುಂಟು. ವೆಲ್ವೆಟ್ ಆದರಂತೂ ಕೈಯಾಡಿಸಿದ ದಿಕ್ಕಿಗೆ ತಕ್ಕಂತೆ ಬಣ್ಣವೇ ಬದಲಾದಂತೆ ಭಾಸವಾಗುತ್ತದೆ.

ಮರದ ಪೀಠೋಪಕರಣಗಳಿದ್ದರೆ ಅವುಗಳ ಒಳಛಾಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೇಗದ ಹೊಂಗಂದು ಬಣ್ಣದ ಪಕ್ಕದಲ್ಲಿ ನೀಲಿ ಸೋಫಾ ಇಟ್ಟರೆ ಎರಡೂ ಇನ್ನಷ್ಟು ಎದ್ದು ಕಾಣುತ್ತವೆ, ಏಕೆಂದರೆ ತೇಗದ ಒಳಛಾಯೆ ಕಿತ್ತಳೆ, ನೀಲಿ ಮತ್ತು ಕಿತ್ತಳೆ ವರ್ಣಚಕ್ರದಲ್ಲಿ ಎದುರುಬದುರಾಗಿವೆ. ಶಾಂತವಾದ ನೋಟ ಬೇಕೆನ್ನುವವರಿಗೆ ಮರಳಿನ ಬಣ್ಣ ಅಥವಾ ಮಾಸಲು ಹಸಿರು ಹೆಚ್ಚು ಒಪ್ಪುತ್ತದೆ. ಕೋಣೆಯಲ್ಲಿ ಮುಖ್ಯ ಬಣ್ಣ ಶೇ 60, ಎರಡನೆಯದು ಶೇ 30, ಎದ್ದು ಕಾಣುವ ಬಣ್ಣ ಶೇ 10 ಇರಲಿ ಎನ್ನುವ 60–30–10ರ ಪ್ರಮಾಣಸೂತ್ರ ಆರಂಭಕ್ಕೆ ಸಾಕು, ಅದನ್ನು ಅಳೆದು ಪಾಲಿಸಬೇಕಿಲ್ಲ.

ಚಿಕ್ಕ ಕೋಣೆಗೆ ಗಾಢ ಬಣ್ಣ ಕೂಡದೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನೆಲ ಕಾಣುವಂತೆ ಎತ್ತರದ ಕಾಲುಗಳಿರುವ ಕಡುನೀಲಿ ಸೋಫಾ ಅಲ್ಲಿಯೂ ಹಗುರವಾಗಿಯೇ ಕಾಣುತ್ತದೆ. ಆದರೆ ಬಿಸಿಲು ನೇರವಾಗಿ ಬೀಳುವ ಕಿಟಕಿಯ ಬಳಿ ಅಂಥ ಬಣ್ಣ ಮಾಸಿದ್ದು ಬೇಗ ಎದ್ದು ಕಾಣುವುದರಿಂದ, ಅಲ್ಲಿ ತಿಳಿಬಣ್ಣವನ್ನೇ ಆರಿಸುವುದು ಒಳಿತು.