ಫ್ಯಾಟ್ ಬಿದ್ದರೆ ಮೊದಲು ಬಣವೆ ನೋಡಿ

ಕೋಲಾರದ ಕಡೆ ಡೈರಿಯಲ್ಲಿ ಹಾಲಿನ ಫ್ಯಾಟ್, ಅಂದರೆ ಜಿಡ್ಡಿನಂಶ, ಶೇ. 3.5ಕ್ಕಿಂತ ಇಳಿದರೆ ಸಾಕು, ಹಸುವಿಗೆ ಎಣ್ಣೆ ಕುಡಿಸುತ್ತಾರೆ, ಇಲ್ಲವೇ ಹತ್ತಿಕಾಳು ಹಿಂಡಿ ಏರಿಸುತ್ತಾರೆ. ಎಷ್ಟೋ ಸಲ ಫ್ಯಾಟ್ ಇನ್ನಷ್ಟು ಬೀಳುವುದು ಇದರಿಂದಲೇ.

ಹಾಲಿನ ಜಿಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಕೆಚ್ಚಲಲ್ಲೇ ತಯಾರಾಗುತ್ತದೆ. ಅದಕ್ಕೆ ಬೇಕಾದ ಅಸಿಟಿಕ್ ಆಮ್ಲ ಸಿಗುವುದು ಮೇವಿನ ನಾರು ಮೊದಲ ಹೊಟ್ಟೆಯಲ್ಲಿ ಹುದುಗಿದಾಗ. ಉಳಿದರ್ಧ ಆಹಾರದ ಎಣ್ಣೆಯಿಂದ, ಮೈಕೊಬ್ಬಿನಿಂದ ಬರುತ್ತದೆ. ಜೋಳದ ಹಿಟ್ಟು, ಹೋಟೆಲಿನ ಮಿಕ್ಕ ಅನ್ನ ಜಾಸ್ತಿಯಾದರೆ ಹೊಟ್ಟೆ ಹುಳಿಯಾಗುತ್ತದೆ. ಆಗ ಅಲ್ಲಿನ ಬ್ಯಾಕ್ಟೀರಿಯಾ ಎಣ್ಣೆಯನ್ನು ಅಡ್ಡದಾರಿಯಲ್ಲಿ ಮಾರ್ಪಡಿಸಿ ಒಂದು ಬಗೆಯ ಟ್ರಾನ್ಸ್ ಕೊಬ್ಬಿನಾಮ್ಲ ಹುಟ್ಟಿಸುತ್ತವೆ. ಅದು ಕೆಲವೇ ಗ್ರಾಂ ಇದ್ದರೂ ಕೆಚ್ಚಲಿನ ಜಿಡ್ಡಿನ ಕೆಲಸ ಕುಗ್ಗುತ್ತದೆ. ಹಿಟ್ಟಿನ ಜೊತೆ ಎಣ್ಣೆಯೂ ಸೇರಿದರೆ ಕೇಳುವುದೇ ಬೇಡ.

400 ಕೆ.ಜಿ. ತೂಗುವ, ದಿನಕ್ಕೆ 12 ಲೀಟರ್ ಕೊಡುವ ಮಿಶ್ರತಳಿ ಹಸುವಿಗೆ 20 ಕೆ.ಜಿ. ಸೀಮೆಹುಲ್ಲು, 4 ಕೆ.ಜಿ. ರಾಗಿಹುಲ್ಲು, 5 ಕೆ.ಜಿ. ಪಶು ಆಹಾರ ಸರಿಹೋಗುತ್ತದೆ. ಒಣತೂಕದಲ್ಲಿ ಶೇ. 60ರಷ್ಟು ಮೇವೇ ಆಯಿತು. ಮಂಡಿಯಲ್ಲಿ ಮಿಕ್ಕ ಟೊಮ್ಯಾಟೊ, ಕೋಸಿನೆಲೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಶೇ. 90ಕ್ಕಿಂತ ಹೆಚ್ಚು ನೀರೇ.

ರಾಗಿಹುಲ್ಲು ಒಂದೆರಡು ಇಂಚಿಗೆ ಕತ್ತರಿಸಿದರೆ ಸಾಕು. ಪುಡಿ ಮಾಡಿದರೆ ಹಸು ಮೆಲುಕು ಹಾಕುವುದು ಕಮ್ಮಿಯಾಗುತ್ತದೆ, ಹುಳಿ ಮುರಿಯುವ ಜೊಲ್ಲೂ ಕಮ್ಮಿ. ಬೆಳಗ್ಗೆ ಮೊದಲು ಹುಲ್ಲು, ಆಮೇಲೆ ಪಶು ಆಹಾರ. ಅದನ್ನೂ ಒಂದೇ ಸಲ ಸುರಿಯದೆ ಎರಡು ಮೂರು ಹೊತ್ತಿಗೆ ಹಂಚಿ. ತಿಂದು ಮಲಗಿದ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು. ಸಗಣಿ ನೊರೆನೊರೆಯಾಗಿ ತೆಳ್ಳಗಿದ್ದರೆ ಹುಳಿಯ ಗುಮಾನಿ ಪಡಿ. ಬೂಸಾದಲ್ಲಿ ದಿನಕ್ಕೆ 100-150 ಗ್ರಾಂ ಅಡುಗೆ ಸೋಡಾ ಕಲಸಿ ಕೊಡಬಹುದು. ಅದು ತಾತ್ಕಾಲಿಕ ಆಸರೆ, ಹುಲ್ಲಿನ ಬದಲಿಯಲ್ಲ. ಮೇವು ಸರಿಪಡಿಸಿದ ಮೇಲೂ ಫ್ಯಾಟ್ ಏರಲು ಹತ್ತು ದಿನದಿಂದ ಮೂರು ವಾರ ಹಿಡಿಯುತ್ತದೆ. ನಾಲ್ಕನೇ ದಿನಕ್ಕೇ ಬೇಸತ್ತು ಮತ್ತೆ ಎಣ್ಣೆ ಬಾಟಲಿ ಹಿಡಿಯುವವರೇ ಜಾಸ್ತಿ.

ಹಸಿಮೇವು ಹೆಚ್ಚಿದ ಕಾಲದಲ್ಲಿ ಬೆಣ್ಣೆ ಹಳದಿಯಾಗಿ ಮೆತ್ತಗಾಗುವುದು ಸಹಜ. ಹಳದಿ ಬಣ್ಣ ಹಸಿಮೇವಿನ ಕ್ಯಾರೋಟಿನ್‌ನಿಂದ; ಮೆತ್ತಗಾಗುವುದು ಜಿಡ್ಡಿನಲ್ಲಿ ಒಲೀಕ್ ಎಂಬ ಮೆದು ಕೊಬ್ಬಿನಾಮ್ಲದ ಪಾಲು ಏರುವುದರಿಂದ, ಅಷ್ಟೇ.

ಇನ್ನು ಕರುವಿಗೆ ಕೊನೆಯ ಹಾಲು ಬಿಡುವ ಮನೆಗಳಲ್ಲಿ ಹಸುವಿನದೇನೂ ತಪ್ಪಿಲ್ಲ. ಜಿಡ್ಡು ದಟ್ಟವಾಗಿರುವುದೇ ಕೊನೆಯ ಹಾಲಿನಲ್ಲಿ. ಮೊದಲ ಹಾಲು ಕರುವಿಗೆ ಕುಡಿಸಿ, ಕೊನೆಯವರೆಗೂ ಹಿಂಡಿಕೊಳ್ಳಿ. ಈಚೆಗೆ ಕರು ಹಾಕಿದ ಹಸು ಸೊರಗುತ್ತಾ, ಪಶು ಆಹಾರ ಬಿಡುತ್ತಾ, ಫ್ಯಾಟ್ ಮಾತ್ರ 5 ದಾಟಿದರೆ ಖುಷಿಪಡಬೇಡಿ. ಮೈಕೊಬ್ಬು ಕರಗಿ ಹಾಲಿಗಿಳಿಯುತ್ತಿದೆ, ಕೀಟೋಸಿಸ್ ಎಂಬ ಕಾಯಿಲೆ ಇರಬಹುದು. ಆವತ್ತೇ ಪಶುವೈದ್ಯರನ್ನು ಕರೆಸಿ.